ಬೆಕ್ಕಿನ ಪಾಲು

ನೆಲ ಒರೆಸುವ ಬಟ್ಟೆ ಹಿಂಡುವಾಗ ಅವಳ ಮಣಿಕಟ್ಟು ಮುರಿಯಿತು. ಅವಳು ಬಿದ್ದಿರಲಿಲ್ಲ. ಯಾರೂ ತಳ್ಳಿರಲಿಲ್ಲ. ಬಕೆಟ್ಟಿನ ಮೇಲೆ ಬಗ್ಗಿ, ಒದ್ದೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿದಳು, ಅಷ್ಟೆ. ಒಣಕಡ್ಡಿ ಮುರಿದಂಥ ಸದ್ದು ಬಂತಂತೆ. ಆಗಲೂ ಅವಳು ಕೂಗಲಿಲ್ಲ. ಚೆಲ್ಲಿದ ನೀರನ್ನು ಎಡಗೈಯಲ್ಲಿ ಒರೆಸಿದಳು. ಬಕೆಟ್ಟನ್ನು ಕಾಲಿನಿಂದ ಮೂಲೆಗೆ ಸರಿಸಿದಳು. ಆಮೇಲೆ ಮೆಟ್ಟಿಲು ಹತ್ತಿ ಬಂದು, "ಸ್ವಲ್ಪ ಆಸ್ಪತ್ರೆಗೆ ಹೋಗಿ ಬರ್ತೀನಿ" ಅಂದಳು.

ಇದನ್ನು ನನಗೆ ಫೋನಿನಲ್ಲಿ ಹೇಳಿದವಳು ಪ್ರಯೋಗಾಲಯದಲ್ಲಿ ನನ್ನ ಜಾಗಕ್ಕೆ ಬಂದ ಹೊಸ ಸಹಾಯಕಿ. ನಾನು ನಿವೃತ್ತಳಾಗಿ ಆಗ ಮೂರು ವರ್ಷವಾಗಿತ್ತು.

ನದಿಯ ದಂಡೆಯ ಮೇಲೆ ಎರಡು ಅಂತಸ್ತಿನ ಕಟ್ಟಡ ಅದು. ಮೇಲೆ ಯಂತ್ರಗಳು, ಕೆಳಗೆ ಮೀನು ತೊಳೆಯುವ ಕೋಣೆ. ನದಿಯ ಮೇಲ್ಗಡೆ ಒಂದು ಬ್ಯಾಟರಿ ಕಾರ್ಖಾನೆ. ಅದರ ನೀರು ಬಂದು ಬೀಳುವ ಜಾಗದಿಂದ ಕೆಳಕ್ಕೆ ಐದು ಕಡೆ ಮೀನು ಹಿಡಿಸಿ, ಅದರಲ್ಲಿ ಕ್ಯಾಡ್ಮಿಯಂ ಎಂಬ ಲೋಹ ಎಷ್ಟಿದೆ ಎಂದು ಅಳೆದು, ಮೀನು ತಿನ್ನಲು ಯೋಗ್ಯವೋ ಅಲ್ಲವೋ ಎಂದು ವರದಿ ಕೊಡುವುದು ನಮ್ಮ ಕೆಲಸ. ಮೂವತ್ತೊಂದು ವರ್ಷ ನಾನು ಆ ಕೆಲಸ ಮಾಡಿದೆ. ಅಷ್ಟೂ ವರ್ಷ ಮೀನು ತಿನ್ನಲು ಯೋಗ್ಯವಾಗಿತ್ತು.

ಅವಳನ್ನು ನಾವು ಪಿತ್ತಕ್ಕ ಅನ್ನುತ್ತಿದ್ದೆವು. ಮೀನಿನ ಹೊಟ್ಟೆ ಸೀಳಿ ಒಳಗಿನದನ್ನು ತೆಗೆಯುವಾಗ ಪಿತ್ತಕೋಶ ಒಡೆದರೆ ಮಾಂಸಕ್ಕೆಲ್ಲ ಕಹಿ ಹಸಿರು ಹತ್ತುತ್ತದೆ, ಆ ಮೀನು ಲೆಕ್ಕಕ್ಕೆ ಬರುವುದಿಲ್ಲ. ಕಾಲೇಜಿನಲ್ಲಿ ಕಲಿತ ನಮ್ಮ ಕೈಯಲ್ಲಿ ಹತ್ತಕ್ಕೆ ನಾಲ್ಕು ಒಡೆಯುತ್ತಿದ್ದವು. ಅವಳ ಕೈಯಲ್ಲಿ ಒಂದೂ ಒಡೆಯುತ್ತಿರಲಿಲ್ಲ. ಮಾರ್ಕೆಟ್ಟಿನಲ್ಲಿ ಮೀನು ಕತ್ತರಿಸುವ ಹೆಂಗಸರ ಸಾಲಿನಿಂದ ಅವಳನ್ನು ಕರೆತಂದಿದ್ದರು. ಕಾಗದದಲ್ಲಿ ಅವಳದು ಕಸಗುಡಿಸುವ ಕೆಲಸ, ಅದೂ ದಿನಗೂಲಿ. ಚೂರಿಯ ಕೆಲಸ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಐಸ್ ಪೆಟ್ಟಿಗೆಯಲ್ಲಿ ಮೀನು ಬರುತ್ತಿತ್ತು. ನಲವತ್ತು, ಐವತ್ತು. ಅವಳು ನೆಲದ ಮೇಲೆ ಒಂದು ಮೋಟು ಹಲಗೆ ಹಾಕಿಕೊಂಡು ಕೂರುತ್ತಿದ್ದಳು. ನೀರು ಅವಳ ಪಾದದ ಮೇಲೇ ಹರಿದು ಚರಂಡಿಗೆ ಹೋಗುತ್ತಿತ್ತು. ಬೆರಳುಗಳು ತಣ್ಣಗಾಗಿ ಬಿಳಿಚಿಕೊಂಡಾಗ ಕಂಕುಳಲ್ಲಿ ಇಟ್ಟುಕೊಂಡು ಎರಡು ನಿಮಿಷ ಕಣ್ಣು ಮುಚ್ಚುತ್ತಿದ್ದಳು. ನಾನು ಪ್ರತಿ ಮೀನಿನ ಬೆನ್ನಿನಿಂದ ಹೆಬ್ಬೆರಳಿನಷ್ಟು ಮಾಂಸ ತೆಗೆದುಕೊಳ್ಳುತ್ತಿದ್ದೆ. ಚರ್ಮ ಬೇಡ, ಮುಳ್ಳು ಬೇಡ. ಅದನ್ನು ಒಣಗಿಸಿ, ಆ್ಯಸಿಡ್ಡಿನಲ್ಲಿ ಕರಗಿಸಿ, ಯಂತ್ರಕ್ಕೆ ಕೊಡುವುದು. ವರದಿಯ ಫಾರಮ್ಮಿನಲ್ಲಿ ಮೊದಲೇ ಅಚ್ಚಾಗಿತ್ತು: ತಿನ್ನುವ ಭಾಗ, ಬೆನ್ನಿನ ಮಾಂಸ. ಉಳಿದದ್ದನ್ನು ಹೂಳಬೇಕು ಎಂದು ನಿಯಮ.

ಅವಳು ಬಂದ ಎರಡನೆಯ ವಾರವಿರಬೇಕು. ತೊಟ್ಟಿಯಲ್ಲಿದ್ದ ತಲೆ, ಲಿವರುಗಳನ್ನು ನೋಡುತ್ತ ಕೇಳಿದಳು.

"ಮೇಡಮ್ಮಾ, ಇದನ್ನೆಲ್ಲ ಬಿಸಾಕ್ತೀರಾ?"

"ಹೌದು. ಯಾಕೆ?"

"ಮನೇಲಿ ಒಂದು ಬೆಕ್ಕಿದೆ."

ನಾನು ಸಂತೋಷದಿಂದಲೇ ಕೊಟ್ಟೆ. ನನಗೆ ಬೆಕ್ಕೆಂದರೆ ಇಷ್ಟ. ಮುಂದಿನ ಮಂಗಳವಾರದಿಂದ ನಾನೇ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಕೆಡದಂತೆ ಮೇಲೊಂದಿಷ್ಟು ಐಸ್ ಸುರಿದು, ಬಾಗಿಲ ಹಿಂದೆ ಇಡುತ್ತಿದ್ದೆ. ಮೇಲಿನವರು ನೋಡಿದರೂ ನೋಡದ ಹಾಗಿದ್ದರು. ಬೆಕ್ಕಿನ ಪಾಲು ಎಂದೇ ಅದಕ್ಕೆ ಹೆಸರಾಯಿತು. ಮೂಗು ಮುಚ್ಚಿಕೊಂಡು ಅವಳ ಪಕ್ಕ ಹಾದುಹೋಗುವ ಗುಮಾಸ್ತ ಕೂಡ, "ಇವತ್ತು ಬೆಕ್ಕಿಗೆ ಹಬ್ಬ" ಎಂದು ನಗುತ್ತಿದ್ದ.

ನಾನು ಬೆಕ್ಕನ್ನು ವಿಚಾರಿಸದೆ ಇರುತ್ತಿರಲಿಲ್ಲ. ಯಾವ ಬಣ್ಣ ಎಂದು ಕೇಳಿದಾಗ ಅವಳು ಕಿಟಕಿಯ ಕಡೆ ಒಮ್ಮೆ ನೋಡಿ, "ಬೂದಿ ಬಣ್ಣ" ಅಂದಳು. ಒಂದು ಕಿವಿ ಹರಿದಿದೆಯಂತೆ. ಭಾರಿ ಸೊಕ್ಕಂತೆ. "ತಲೆ ಹಾಕಿದ್ರೆ ಮೂಸೂ ನೋಡಲ್ಲ ಮೇಡಮ್ಮ. ಲಿವರ್ರೇ ಆಗ್ಬೇಕು. ಯಾವ ಮಹಾರಾಣಿ ಹೊಟ್ಟೇಲಿ ಹುಟ್ಟಿತ್ತೋ." ಒಂದು ಸಲ ಅದು ಮೂರು ಮರಿ ಹಾಕಿತು. ಒಂದು ಮರಿ ಕಣ್ಣು ಬಿಡಲಿಲ್ಲ. ನಾನು ಆ ಕುರುಡು ಮರಿಗಾಗಿ ಎರಡು ವಾರ ಮರುಗಿದೆ. ಅವಳು ನನ್ನ ಮುಖ ನೋಡಿದಳು. ಮೂರನೆಯ ವಾರ ಆ ಮರಿಗೆ ಕಣ್ಣು ಬಂತು.

ಪಿತ್ತಕ್ಕ ಬಂದ ಆರನೆಯ ವರ್ಷ ಒಬ್ಬ ಹುಡುಗಿ ಸಂಶೋಧನೆಗೆಂದು ಬಂದಳು. ಮೀನಿನ ದೇಹದೊಳಗೆ ಲೋಹ ಎಲ್ಲಿ ಹೋಗುತ್ತದೆ, ಯಾವುದಕ್ಕೆ ಅಂಟಿಕೊಳ್ಳುತ್ತದೆ ಎಂಬುದು ಅವಳ ವಿಷಯ. ಅವಳಿಗಾಗಿ ನಾನು ಮೊದಲ ಸಲ ಲಿವರನ್ನೂ ಮೂತ್ರಪಿಂಡವನ್ನೂ ಯಂತ್ರಕ್ಕೆ ಕೊಟ್ಟೆ. ಮಾಂಸದಲ್ಲಿ ಇದ್ದದ್ದಕ್ಕಿಂತ ಲಿವರಿನಲ್ಲಿ ಅರವತ್ತು ಪಟ್ಟು. ಮೂತ್ರಪಿಂಡದಲ್ಲಿ ಇನ್ನೂ ಹೆಚ್ಚು. ನಾನು ಯಂತ್ರ ಕೆಟ್ಟಿದೆ ಎಂದುಕೊಂಡು ಮತ್ತೆ ಮಾಡಿದೆ. ಮತ್ತೆ ಅಷ್ಟೇ ಬಂತು. ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಆಗಿನ ಮುಖ್ಯಸ್ಥರ ಬಳಿ ಹೋದೆ. ಫಾರಮ್ಮಿನಲ್ಲಿ ಇದಕ್ಕೊಂದು ಕಾಲಂ ಬೇಡವೇ ಎಂದು ಕೇಳಿದೆ.

"ಅದನ್ನ ಯಾರು ತಿಂತಾರೆ ಮೇಡಂ?" ಎಂದು ಅವರು ನಕ್ಕರು.

ನಾನೂ ನಕ್ಕೆ. ನಕ್ಕದ್ದು ನನಗೆ ನೆನಪಿದೆ.

ಕೆಳಗೆ ಬಂದಾಗ ಪಿತ್ತಕ್ಕ ತೊಟ್ಟಿ ಉಜ್ಜುತ್ತಿದ್ದಳು. ನನಗೆ ಬೆಕ್ಕು ನೆನಪಾಯಿತು.

"ನೋಡು, ಬೆಕ್ಕಿಗೆ ಲಿವರ್ ಜಾಸ್ತಿ ಹಾಕ್ಬೇಡ. ಅದರಲ್ಲಿ ಲೋಹ ಇದೆ."

"ಏನಾಗುತ್ತೆ?"

"ಕಿಡ್ನಿ ಕೆಡುತ್ತೆ. ಮೂಳೆ ಮೆತ್ತಗಾಗುತ್ತೆ. ಆದ್ರೆ ಅದಕ್ಕೆ ಇಪ್ಪತ್ತು ವರ್ಷ ಬೇಕು. ಅಷ್ಟರಲ್ಲಿ ಬೆಕ್ಕಿನ ಆಯಸ್ಸೇ ಮುಗಿದಿರುತ್ತೆ ಬಿಡು."

ಸಮಾಧಾನ ಹೇಳುವ ದನಿಯಲ್ಲೇ ಹೇಳಿದೆ. ಅವಳ ಕೈ ತೊಟ್ಟಿಯಲ್ಲಿ ನಿಂತಿತು. ಬ್ರಷ್ಷಿನಿಂದ ನೊರೆ ತೊಟ್ಟಿಕ್ಕುತ್ತಿತ್ತು.

"ಇಪ್ಪತ್ತು ವರ್ಷ ಅಂದ್ರೆ ಬಹಳ ಆಯ್ತಲ್ಲ" ಅಂದಳು. ಮತ್ತೆ ಉಜ್ಜತೊಡಗಿದಳು.

ಆ ಮಂಗಳವಾರವೂ ಚೀಲ ಬಾಗಿಲ ಹಿಂದಿತ್ತು. ಅವಳು ಒಯ್ದಳು. ಅದರ ಮುಂದಿನ ಮಂಗಳವಾರವೂ. ನಾನು ನಿವೃತ್ತಳಾದ ದಿನ ಅವಳಿಗೊಂದು ಸೀರೆ ಕೊಟ್ಟೆ. ಬೆಕ್ಕಿಗೆಂದು ಕೆಂಪು ಪಟ್ಟಿಗೆ ಹೊಲಿದ ಒಂದು ಪುಟ್ಟ ಗೆಜ್ಜೆ ಕೊಟ್ಟೆ. ಸೀರೆಯನ್ನು ಒಂದು ಕೈಯಲ್ಲಿ ತೆಗೆದುಕೊಂಡವಳು ಗೆಜ್ಜೆಯನ್ನು ಎರಡೂ ಕೈಯೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಎಂಥ ಪ್ರೀತಿ ಇವಳಿಗೆ ಆ ಬೆಕ್ಕಿನ ಮೇಲೆ ಎಂದುಕೊಂಡೆ.

ಕೈ ಮುರಿದ ಸುದ್ದಿ ಬಂದ ಮರುದಿನ ನಾನು ಅವಳ ಮನೆಗೆ ಹೋದೆ. ಹತ್ತೊಂಬತ್ತು ವರ್ಷದ ಪರಿಚಯ, ಅದೇ ಮೊದಲ ಸಲ. ಚಪ್ಪಲಿಗೆ ಅಟ್ಟೆ ಹಾಕುವ ಒಂದು ಕಾರ್ಖಾನೆಯ ಹಿಂದೆ ಒಂದೇ ಕೋಣೆ. ಗೋಡೆಯಾಚೆಯಿಂದ ರಬ್ಬರಿನ ಘಾಟು ಬರುತ್ತಿತ್ತು. ಒಳಗೆ ಒಂದು ಮಂಚ, ಒಂದು ಸೀಮೆಎಣ್ಣೆ ಸ್ಟೌ, ನೀರಿನ ಡ್ರಮ್ಮು. ಮಗಳು ಬಾಗಿಲು ತೆಗೆದಳು. ಇಪ್ಪತ್ತಮೂರರ ಹುಡುಗಿ, ಬಟ್ಟೆ ಕಾರ್ಖಾನೆಯಲ್ಲಿ ದಿನವಿಡೀ ಷರ್ಟಿನ ಕಾಲರು ಹೊಲಿಯುವವಳು. ಕೂರಲು ನನಗೆ ಮಂಚದ ತುದಿಯನ್ನು ಒರೆಸಿಕೊಟ್ಟಳು. ಪಿತ್ತಕ್ಕ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಒರಗಿದ್ದಳು.

ನಾನು ಬ್ರೆಡ್ಡು, ಹಣ್ಣು, ಜೊತೆಗೆ ಬೆಕ್ಕಿಗೆಂದು ಒಂದು ಸಣ್ಣ ಪ್ಯಾಕೆಟ್ಟು ಹಾಲು ತಂದಿದ್ದೆ.

"ಎಲ್ಲಿ ನಿಮ್ಮ ಮಹಾರಾಣಿ?" ಎಂದೆ.

"ಯಾರು?" ಎಂದಳು ಮಗಳು.

"ಬೆಕ್ಕು."

"ಯಾವ ಬೆಕ್ಕು? ನಮ್ಮನೇಗೆ ಬೆಕ್ಕು ಬಂದ್ರೆ ಉಪವಾಸ ಬಿದ್ದು ಸಾಯುತ್ತೆ ಅಷ್ಟೇ ಆಂಟಿ."

ಪಿತ್ತಕ್ಕ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಗಾಳಿಗೆ ಬಾಗಿಲು ಅಲುಗಿತು. ಗೆಜ್ಜೆಯ ಸದ್ದಾಯಿತು. ನಾನು ಕೊಟ್ಟ ಗೆಜ್ಜೆ ಬಾಗಿಲ ಚಿಲಕಕ್ಕೆ ಕಟ್ಟಿತ್ತು.

ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ಟನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ಮಗಳು ಅದನ್ನು ಮೆಲ್ಲಗೆ ತೆಗೆದುಕೊಂಡು, "ಟೀ ಮಾಡ್ತೀನಿ" ಎಂದು ಸ್ಟೌ ಕಡೆ ಹೋದಳು. ಏನೋ ಆಗಿದೆ ಎಂದು ಅವಳಿಗೆ ಗೊತ್ತಾಗಿತ್ತು. ಏನೆಂದು ಕೇಳಲಿಲ್ಲ. ಆ ಹುಡುಗಿಯ ಆ ಒಳ್ಳೆಯತನವನ್ನು ನಾನು ಮರೆತಿಲ್ಲ.

"ಹೇಳಬಾರದಾಗಿತ್ತಾ" ಎಂದೆ.

"ಏನಂತ ಹೇಳ್ಲಿ ಮೇಡಮ್ಮ? ಬಿಸಾಕೋದನ್ನ ಕೊಡಿ, ತಿಂತೀವಿ ಅಂತಲಾ?" ಗೋಡೆಗೇ ಹೇಳುತ್ತಿದ್ದಳು. "ಮಾರ್ಕೆಟ್ಟಲ್ಲೂ ಹಾಗೇನೇ. ಮೀನು ತಂದೋರು ಮಾಂಸ ಒಯ್ತಾರೆ, ಒಳಗಿಂದು ಕತ್ತರಿಸಿದವಳಿಗೆ. ಅದೇ ನಮ್ಮ ಪಾಲು. ಅಲ್ಲೂ ಯಾರೂ ತಿಂತೀವಿ ಅನ್ನಲ್ಲ."

"ನಾನು ಅವತ್ತು ಹೇಳಿದೆನಲ್ಲ. ಮೂಳೆ, ಕಿಡ್ನಿ ಅಂತ."

"ಇಪ್ಪತ್ತು ವರ್ಷ ಅಂದ್ರಿ." ಈಗ ಅವಳು ಈ ಕಡೆ ತಿರುಗಿದಳು. "ಅವಳಪ್ಪ ಬಿಟ್ಟು ಹೋಗಿದ್ದ. ಸಾಯಂಕಾಲಕ್ಕೆ ಏನು ಬೇಯಿಸ್ಲಿ ಅನ್ನೋಳಿಗೆ ಇಪ್ಪತ್ತು ವರ್ಷ ಅಂದ್ರೆ ಅದು ಯಾವ ಊರು? ಆದ್ರೂ ಅವತ್ತಿಂದ ಅವಳಿಗೆ ಲಿವರ್ ಕೊಡೋದು ಬಿಟ್ಟೆ. ತಲೆ ಬೇಯಿಸಿದ್ದು ಅವಳಿಗೆ. ಲಿವರ್ ನನಗೆ."

ಎಲುಬಿನ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವಳು. ಎಕ್ಸರೇ ನೋಡಿ ಗಾಬರಿಯಾಗಿದ್ದಳಂತೆ. ಪಕ್ಕೆಲುಬಿನಲ್ಲೂ ಮೂರು ಹಳೆಯ ಬಿರುಕು. ಪಿತ್ತಕ್ಕ ಅದನ್ನು ಕೆಮ್ಮಿನ ನೋವೆಂದುಕೊಂಡು ವರ್ಷಗಟ್ಟಲೆ ಕೆಲಸ ಮಾಡಿದ್ದಳು. ಡಾಕ್ಟರು ಬೇರೆಯವರ ಹಾಗೆ ಎಷ್ಟು ವಯಸ್ಸು ಎಂದು ಕೇಳಿ ಸುಮ್ಮನಾಗಲಿಲ್ಲ. ಏನು ತಿಂತೀಯಮ್ಮ ಎಂದು ಕೇಳಿದಳು. ರಕ್ತ, ಮೂತ್ರ ಪರೀಕ್ಷೆ ಮಾಡಿಸಿದಳು. ಚೀಟಿಯಲ್ಲಿ ಬರೆದಳು: ಬಹುಕಾಲ ನದಿ ಮೀನಿನ ಲಿವರ್, ಮೂತ್ರಪಿಂಡ ತಿಂದು ಕ್ಯಾಡ್ಮಿಯಂ ವಿಷ. ಮಗಳನ್ನೂ ಪರೀಕ್ಷಿಸಿದಳು. ಮಗಳಲ್ಲೂ ಇತ್ತು, ತಾಯಿಯಷ್ಟಿರಲಿಲ್ಲ.

ಆ ಚೀಟಿಯನ್ನು ಪಿತ್ತಕ್ಕ ರಜೆ ಅರ್ಜಿಯ ಜೊತೆ ಕಚೇರಿಗೆ ಕೊಟ್ಟಳು. ನಾಲ್ಕನೆಯ ದಿನ ಈಗಿನ ಸಾಹೇಬರು ನಮ್ಮ ಮನೆಗೆ ಬಂದರು.

ಇವರು ಹುಡುಗರಾಗಿ ಕೆಲಸಕ್ಕೆ ಸೇರಿದಾಗ ಪಿಪೆಟ್ ಹಿಡಿಯುವುದನ್ನು ಕಲಿಸಿದವಳು ನಾನು. ಸೇಬು ತಂದಿದ್ದರು. ನಾನು ಶಾಲು ಹೊದ್ದಿದ್ದನ್ನು ನೋಡಿ ತಾವೇ ಎದ್ದು ಫ್ಯಾನ್ ಆರಿಸಿದರು. ಮೊದಲಿನಿಂದಲೂ ಅವರು ಹಾಗೆಯೇ.

"ಮೇಡಂ, ಆ ಚೀಟಿಯಿಂದ ತೊಂದರೆಯಾಗಿದೆ" ಎಂದರು. "ಮುಂದಿನ ತಿಂಗಳು ಕಾರ್ಖಾನೆಯ ಪರವಾನಗಿ ಹೊಸದಾಗಬೇಕು. ನಮ್ಮ ವರದಿ ಹೋಗ್ಬೇಕು. ಈಗ ನಮ್ಮ ಕೆಲಸದವಳೇ ನದಿ ಮೀನು ತಿಂದು ಹೀಗಾಯ್ತು ಅಂತ ಕಾಗದ ಬಂದ್ರೆ? ಒಂದು ವಿಚಾರಣೆ ಇಟ್ಟಿದೀವಿ. ಅವಳು ಅದನ್ನ ಬೆಕ್ಕಿಗೆ ತಾನೆ ಒಯ್ತಿದ್ದದ್ದು? ನಮಗೆಲ್ಲ ಗೊತ್ತಿರೋದೇ. ಅಷ್ಟು ಹೇಳಿದ್ರೆ ಸಾಕು. ಕೆಲಸ ಉಳಿಯುತ್ತೆ. ಔಷಧಿಯನ್ನ ಕಚೇರಿಯಿಂದಲೇ ಕೊಡಿಸ್ತೀನಿ. ಇಲ್ಲಾಂದ್ರೆ ಮಾದರಿ ಕದ್ದು ತಿಂದಳು ಅಂತ ಆಗುತ್ತೆ. ನಿಮ್ಮ ಹೆಸರೂ ಬರುತ್ತೆ. ಅದು ನನಗಿಷ್ಟ ಇಲ್ಲ."

"ಅವರ ಮನೇಲಿ ಬೆಕ್ಕಿಲ್ಲ."

"ಅದು ನಿಮಗೂ ಗೊತ್ತಿಲ್ಲ ಮೇಡಂ, ನನಗೂ ಗೊತ್ತಿಲ್ಲ" ಎಂದರು ಮೆಲ್ಲಗೆ. ಹೋಗುವಾಗ ನನ್ನ ಕಾಲು ಮುಟ್ಟಿ ನಮಸ್ಕರಿಸಿದರು.

ನಾನು ಏನು ಮಾಡಿದೆ? ಪಿತ್ತಕ್ಕನ ಮನೆಗೆ ಹೋಗಿ ಅವರು ಹೇಳಿದ್ದನ್ನೇ ಹೇಳಿದೆ. ಬೆಕ್ಕಿಗೆ ಎಂದೇ ಹೇಳು ಎಂದೆ. ಈಗ ನಿನ್ನ ಚಿಕಿತ್ಸೆ ಮುಖ್ಯ ಎಂದೆ. ಒಳ್ಳೆಯ ಮನಸ್ಸಿನಿಂದಲೇ ಎಂದೆ. ನಾನು ಮಾಡಿದ್ದೆಲ್ಲವೂ ಒಳ್ಳೆಯ ಮನಸ್ಸಿನಿಂದಲೇ.

ಮಗಳು ಅವಳ ಹಿಂದೆ ಕೂತು ತಲೆ ಬಾಚುತ್ತಿದ್ದಳು. ಪಿತ್ತಕ್ಕ "ಹೂಂ" ಅಂದಳು. ಆಮೇಲೆ ಕೇಳಿದಳು.

"ಮೇಡಮ್ಮ, ಲಿವರಲ್ಲೇ ಯಾಕೆ ನಿಲ್ಲುತ್ತೆ ಅದು? ಮಾಂಸಕ್ಕೆ ಯಾಕೆ ಹೋಗಲ್ಲ?"

"ಲಿವರಲ್ಲಿ ಒಂದು ಪ್ರೋಟೀನಿದೆ. ಬಹಳ ಚಿಕ್ಕದು. ಅದರ ತುಂಬ ಗಂಧಕ. ಗಂಧಕಕ್ಕೂ ಈ ಲೋಹಕ್ಕೂ ಗಟ್ಟಿ ನಂಟು. ಕಿವಿರಿಂದ ಒಳಗೆ ಬಂದ ಲೋಹ ರಕ್ತದಲ್ಲಿ ಹರಿದು ಬರುತ್ತಲ್ಲ, ಈ ಪ್ರೋಟೀನು ಅದನ್ನ ಹಿಡ್ಕೊಳ್ಳುತ್ತೆ. ಒಂದೊಂದು ಪ್ರೋಟೀನೂ ಏಳೇಳು ಕಣ ತಬ್ಬಿಕೊಂಡು ಕೂರುತ್ತೆ. ವಿಷ ಜಾಸ್ತಿ ಬಂದ್ರೆ ಮೀನಿನ ಮೈ ಆ ಪ್ರೋಟೀನನ್ನೂ ಜಾಸ್ತಿ ಮಾಡುತ್ತೆ. ಕಿಡ್ನೀಲೂ ಹಾಗೇ. ಅಲ್ಲಿ ಹಿಡಿದಿಟ್ಟಿದ್ದಕ್ಕೇ ಬೆನ್ನಿನ ಮಾಂಸ ಚೊಕ್ಕಟವಾಗಿರೋದು."

"ಅಂದ್ರೆ ಮೀನಿನೊಳಗೂ ನಮ್ಮಂಥೋರು ಇದ್ದಾರೆ ಅನ್ನಿ. ಹೊಲಸೆಲ್ಲ ಹಿಡ್ಕೊಂಡು ಕೂರೋರು."

ನಾನು ಹೌದೆಂದು ತಲೆಯಾಡಿಸಿದೆ.

"ನನ್ನ ಮೈಯಿಂದ ಅದು ಯಾವಾಗ ಹೋಗುತ್ತೆ?"

"ಬಹಳ ನಿಧಾನ. ನಮ್ಮ ಕಿಡ್ನೀಲೂ ಅಂಥದೇ ಪ್ರೋಟೀನಿದೆ. ಅದು ಬಿಡಲ್ಲ."

"ಗಟ್ಟಿ ನಂಟು ಬಿಡಿ. ಇವಳಪ್ಪನಿಗಿಂತ ವಾಸಿ" ಅಂದಳು ಪಿತ್ತಕ್ಕ. ಮಗಳು ನಕ್ಕಳು. ನಗುತ್ತಲೇ ಬಾಚಣಿಗೆಯನ್ನು ಕೆಳಗಿಟ್ಟು ತಾಯಿಯ ಬೆನ್ನಿಗೆ ಹಣೆ ಆನಿಸಿಕೊಂಡಳು.

ವಿಚಾರಣೆ ಮೇಲಿನ ಮಹಡಿಯಲ್ಲಿ ನಡೆಯಿತು. ಮೇಜಿನಾಚೆ ಸಾಹೇಬರು, ಪಕ್ಕದಲ್ಲಿ ಹೊರಗಿನಿಂದ ಬಂದ ಇನ್ನೊಬ್ಬ ಅಧಿಕಾರಿ, ತುದಿಯಲ್ಲಿ ಬರೆದುಕೊಳ್ಳಲು ಗುಮಾಸ್ತ. ನನಗೆ ಕುರ್ಚಿ ಹಾಕಿದ್ದರು. ನೀರು ತಂದುಕೊಟ್ಟರು. ಅವಳನ್ನು ಎದುರು ನಿಲ್ಲಿಸಿದ್ದರು. ಹತ್ತೊಂಬತ್ತು ವರ್ಷ ಆ ಕೋಣೆಯ ನೆಲ ಒರೆಸಿದವಳು. ಅಲ್ಲಿ ಅವಳು ಕೂತದ್ದನ್ನು ನಾನು ನೋಡಿರಲಿಲ್ಲ. ನನ್ನ ಕುರ್ಚಿ ಕೊಡಬೇಕೆಂದು ನಾನು ಏಳುವಷ್ಟರಲ್ಲಿ ಅವಳು ಎಡಗೈಯಲ್ಲಿ ಗೋಡೆ ಬದಿಯ ಕುರ್ಚಿಯನ್ನು ಎಳೆದುಕೊಂಡಳು. ಅದರ ಕಾಲು ನೆಲಕ್ಕೆ ಕಿರ್ರನೆ ಉಜ್ಜಿತು. ಕೂತಳು.

"ನಿಂತರೆ ಮೂಳೆ ತಡೆಯಲ್ಲ ಸಾರ್" ಅಂದಳು.

ಸಾಹೇಬರು ಕಾಗದ ಸರಿಮಾಡಿಕೊಂಡರು.

"ಮೀನಿನ ತಲೆ, ಲಿವರ್ ಮನೆಗೆ ಒಯ್ತಿದ್ದೆ. ನಿಜಾನಾ?"

"ನಿಜ."

"ಬೆಕ್ಕಿಗೆ ತಾನೆ?"

ಗುಮಾಸ್ತನ ಪೆನ್ನು ಆಗಲೇ ಆ ಪದ ಬರೆಯಲು ಶುರುಮಾಡಿತ್ತು.

"ಬರೀಬೇಡಿ. ಬೆಕ್ಕಿರಲಿಲ್ಲ."

"ನೋಡಮ್ಮ" ಎಂದರು ಸಾಹೇಬರು, "ಯೋಚನೆ ಮಾಡಿ ಹೇಳು."

"ಯೋಚನೆ ಮಾಡಿ ಹೇಳಿದ್ದೇ ಸಾರ್ ಹತ್ತೊಂಬತ್ತು ವರ್ಷ, ಬೆಕ್ಕು ಅಂತ. ಅದಕ್ಕೆ ಬಣ್ಣ ಕಟ್ಟಿದೆ. ಮರಿ ಹಾಕಿಸಿದೆ. ಇವತ್ತು ಯೋಚನೆ ಮಾಡದೆ ಹೇಳ್ತಿದೀನಿ. ನಾನೇ ತಿಂದೆ. ನನ್ನ ಮಗಳಿಗೂ ತಿನ್ನಿಸಿದೆ, ನಾಲ್ಕು ವರ್ಷದವಳಿಗೆ. ನಿಮ್ಮ ಫಾರಮ್ಮಲ್ಲಿ ತಿನ್ನೋ ಭಾಗ ಅಂತ ಇದೆಯಂತಲ್ಲ. ಅಲ್ಲಿ ಬರ್ಕೊಳ್ಳಿ. ಲಿವರ್. ಕಿಡ್ನಿ. ತಲೆ. ಯಾರು ತಿಂತಾರೆ ಅಂತ ಕೇಳ್ತೀರಂತಲ್ಲ, ನನ್ನ ಹೆಸರು ಬರೀರಿ. ಮಾರ್ಕೆಟ್ಟಿನ ಸಾಲಲ್ಲಿ ಇನ್ನೂ ನಲವತ್ತು ಜನ ಇದ್ದಾರೆ, ಅವರ ಹೆಸರೂ ಹೇಳ್ತೀನಿ."

ಹೆಸರು ಪಿತ್ತಕ್ಕ ಎಂದಾದರೂ ಅವಳಿಗೆ ಪಿತ್ತ ನೆತ್ತಿಗೇರಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಂದೂ ಅವಳು ದನಿ ಏರಿಸಲಿಲ್ಲ. ಪ್ಲಾಸ್ಟರ್ ಹಾಕಿದ ಕೈಯನ್ನು ಮೇಜಿನ ಮೇಲೆ ಇಟ್ಟಳು. ಅಷ್ಟೆ. ಆ ಬಿಳಿಯ ಭಾರದ ಕೈ ಅವರ ಕಾಗದಗಳ ಮೇಲೆ ಕೂತಿತ್ತು.

"ಹಾಗಾದ್ರೆ ಕದ್ದು ತಿಂದೆ ಅಂತಾಯ್ತು" ಎಂದರು ಹೊರಗಿನ ಅಧಿಕಾರಿ.

ನಾನು ಎದ್ದು ನಿಂತೆ. ನೋಟ್‌ಬುಕ್ಕು ತೆಗೆದೆ. "ಅವಳು ಕದ್ದಿಲ್ಲ. ನಾನು ಕೊಟ್ಟೆ. ಐಸ್ ಹಾಕಿ ಕೊಟ್ಟೆ. ಲಿವರಿನಲ್ಲಿ ಅರವತ್ತು ಪಟ್ಟು ಇದೆ ಅಂತ ನನಗೆ ಗೊತ್ತಿತ್ತು. ಇಲ್ಲಿ ಬರೆದಿದೆ, ನೋಡಿ. ಗೊತ್ತಿದ್ದೂ ಹತ್ತು ವರ್ಷ ತಿನ್ನಲು ಯೋಗ್ಯ ಅಂತ ಬರೆದೆ. ಅದನ್ನೂ ಬರೆದುಕೊಳ್ಳಿ."

"ಮೇಡಂ, ನಿಮಗೆ ಬಿ.ಪಿ. ಇದೆ. ಕೂತ್ಕೊಳ್ಳಿ" ಎಂದರು ಸಾಹೇಬರು. ದನಿಯಲ್ಲಿ ನಿಜವಾದ ಕಳಕಳಿ ಇತ್ತು. ನೋಟ್‌ಬುಕ್ಕನ್ನು ಅವರು ಮುಟ್ಟಲಿಲ್ಲ. ಗುಮಾಸ್ತನ ಪೆನ್ನು ಮೇಲೇಳಲಿಲ್ಲ.

ಹದಿನೈದು ದಿನಕ್ಕೆ ಆದೇಶ ಬಂತು. ಮಾದರಿಗಳನ್ನು ಅನುಮತಿಯಿಲ್ಲದೆ ಹೊರಗೆ ಸಾಗಿಸಿದ್ದನ್ನು ಸ್ವತಃ ಒಪ್ಪಿಕೊಂಡಿರುವುದರಿಂದ ಆಕೆಯನ್ನು ಕೆಲಸದಿಂದ ಬಿಡಿಸಲಾಗಿದೆ. ಮಾತು ಅವಳದೇ. ತಮಗೆ ಬೇಕಾದಷ್ಟನ್ನು ಬಿಡಿಸಿಕೊಂಡು ಉಳಿದದ್ದನ್ನು ಬಿಸಾಕಿದ್ದರು. ಆ ತಿಂಗಳ ವರದಿ ಹೋಯಿತು. ಮೀನು ತಿನ್ನಲು ಯೋಗ್ಯವಾಗಿತ್ತು.

ನಾನು ಏಳು ಕಾಗದ ಬರೆದೆ. ಎರಡಕ್ಕೆ ಉತ್ತರ ಬಂತು. ಎರಡರಲ್ಲೂ ನನ್ನ ಕಾಳಜಿಗೆ ಧನ್ಯವಾದ ಹೇಳಿದ್ದರು.

ಅವಳ ಮೂಳೆಗಳು ಒಂದೊಂದಾಗಿ ಮುರಿದವು. ಮಗ್ಗುಲು ಬದಲಿಸುವಾಗ ಸೊಂಟ ಮುರಿಯಿತು. ಆಮೇಲೆ ಎತ್ತಿ ಕೂರಿಸಲೂ ಭಯವಾಗುತ್ತಿತ್ತು. ಆ ಚಿಕ್ಕ ಡಾಕ್ಟರು ಭಾನುವಾರಗಳಂದು ತನ್ನ ಸ್ಕೂಟರಿನಲ್ಲಿ ಬಂದು ನೋವಿನ ಸೂಜಿ ಹಾಕಿ ಹೋಗುತ್ತಿದ್ದಳು. ಅಟ್ಟೆ ಕಾರ್ಖಾನೆಯವರು ಮಧ್ಯಾಹ್ನ ಅವಳು ಮಲಗುವ ಹೊತ್ತಿಗೆ ಒಂದು ಗಂಟೆ ಯಂತ್ರ ನಿಲ್ಲಿಸುತ್ತಿದ್ದರು. ನಾನು ಹೋದಾಗಲೆಲ್ಲ ಅವಳು, "ಬೆಕ್ಕು ಹೇಗಿದೆ ಅಂತ ಕೇಳಲ್ವಾ ಮೇಡಮ್ಮ?" ಅನ್ನುತ್ತಿದ್ದಳು. ನನ್ನನ್ನು ನಗಿಸಲಿಕ್ಕೆ. ಒಂದು ದಿನ ನಾನು ತಡೆಯಲಾರದೆ, "ನನ್ನನ್ನು ಬಯ್ಯಬಾರದಾ?" ಎಂದೆ.

"ಬಯ್ದೆ" ಅಂದಳು. "ಬಹಳ ದಿನ ಮನಸ್ಸಲ್ಲೇ ಬಯ್ದೆ. ಐಸ್ ಹಾಕಿ ಇಡ್ತಿದ್ರಲ್ಲ, ಆ ಐಸ್ ನೆನಪಾಗಿ ಸುಮ್ಮನಾಗ್ತಿದ್ದೆ." ಆಮೇಲೆ ಅಂದಳು. "ಬೆಕ್ಕಿನ ಬಣ್ಣ ಕೇಳಿದ್ರಿ. ನನ್ನ ಮಗಳ ಹೆಸರು ಕೇಳೋಕೆ ನಿಮಗೆ ಮೂರು ವರ್ಷ ಹಿಡೀತು."

ವಿಚಾರಣೆಯಾದ ಎಂಟನೆಯ ತಿಂಗಳು ಅವಳು ತೀರಿಕೊಂಡಳು. ಐವತ್ತೊಂದು ವಯಸ್ಸು. ಹೊತ್ತವರು, ಹೆಂಗಸಿನ ಭಾರವೇ ಇಲ್ಲ ಎಂದರು. ಆ ಭಾರವಿಲ್ಲದ ಮೈಯಲ್ಲಿ ಲೋಹ ಮಾತ್ರ ಹಿಡಿದಲ್ಲೇ ಇತ್ತು.

ತಿಂಗಳು ಕಳೆದ ಮೇಲೆ ಮಗಳು ನಮ್ಮ ಮನೆಗೆ ಬಂದಳು. ಬೀಗದ ಕೈಗೆ ಆ ಗೆಜ್ಜೆಯನ್ನು ಕಟ್ಟಿಕೊಂಡಿದ್ದಳು. "ಮಾರ್ಕೆಟ್ಟಿಗೆ ಹೋಗೋಣ ಬನ್ನಿ ಆಂಟಿ. ಅವರಿಗೆ ಯಾರೂ ಹೇಳಿಲ್ಲ" ಅಂದಳು.

ಸಾಲು ಹಾಗೆಯೇ ಇತ್ತು. ನಲವತ್ತು ಹಲಗೆ, ನಲವತ್ತು ಚೂರಿ, ಪಾದದ ಮೇಲೆ ಹರಿಯುವ ಕೆಂಪು ನೀರು. ಪ್ರತಿಯೊಬ್ಬಳ ಬೆನ್ನ ಹಿಂದೆಯೂ ಬಾಯಿ ಕಟ್ಟಿದ ಒಂದು ಪ್ಲಾಸ್ಟಿಕ್ ಚೀಲ. ನಾನು ಮೊದಲನೆಯವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಅವಳು ಗಟ್ಟಿ ಮೈಯ, ಬಾಯಿ ತುಂಬ ಮಾತಿನ ಹೆಂಗಸು. ಒಳಗಿನದನ್ನು ತಿನ್ನಬಾರದು, ಅದರಲ್ಲಿ ವಿಷ ನಿಂತಿರುತ್ತದೆ, ಬೇಯಿಸಿದರೂ ಹೋಗುವುದಿಲ್ಲ ಎಂದು ಹೇಳಿದೆ.

ಅವಳು ನನ್ನ ಕನ್ನಡಕ, ನನ್ನ ಇಸ್ತ್ರಿ ಮಾಡಿದ ಸೀರೆ ನೋಡಿದಳು.

"ಅಯ್ಯೋ, ಅದನ್ನ ಯಾರಮ್ಮ ತಿಂತಾರೆ?" ಅಂದಳು. "ಮನೇಲಿ ಬೆಕ್ಕಿದೆ. ಅದಕ್ಕೆ."

ಪಕ್ಕದವಳು, "ನಮ್ಮನೇಲೂ ಬೆಕ್ಕೇ" ಅಂದಳು. ಅದರಾಚೆಯವಳು ತಲೆ ಎತ್ತದೆ ಹೂಂಗುಟ್ಟಿದಳು. ಚೂರಿಗಳು ನಿಲ್ಲಲಿಲ್ಲ.

ಮಗಳು ನನ್ನ ಪಕ್ಕ ಒದ್ದೆ ನೆಲದ ಮೇಲೆಯೇ ಕೂತಳು.

"ನಮ್ಮಮ್ಮನೂ ಹೀಗೇ ಹೇಳ್ತಿದ್ಲು ದೊಡ್ಡಮ್ಮ. ಇದೇ ಸಾಲಲ್ಲಿ, ಆ ನಲ್ಲಿ ಪಕ್ಕ ಕೂರ್ತಿದ್ಲು. ಹೋದ ತಿಂಗಳು ಹೋಗಿಬಿಟ್ಲು. ಮನೇಲಿ ಬೆಕ್ಕಿರಲಿಲ್ಲ."

ಆ ಹೆಂಗಸಿನ ಕೈ ನಿಂತಿತು. ಅರ್ಧ ಸೀಳಿದ ಮೀನು ಹಲಗೆಯ ಮೇಲಿತ್ತು. ಅವಳು ಹುಡುಗಿಯ ಮುಖವನ್ನು ದಿಟ್ಟಿಸಿ ನೋಡಿದಳು. ಅಲ್ಲಿ ಯಾರದೋ ಗುರುತು ಸಿಕ್ಕಿತು. ಬೆನ್ನ ಹಿಂದಿನ ಚೀಲವನ್ನು ಒಮ್ಮೆ ತಿರುಗಿ ನೋಡಿದಳು. ಆಮೇಲೆ ನನ್ನ ಕಡೆ ಬಗ್ಗಿ, ಪಕ್ಕದವಳಿಗೆ ಕೇಳಿಸದ ಹಾಗೆ ಕೇಳಿದಳು.

"ಮಕ್ಕಳಿಗೂ ಆಗುತ್ತಾ?"

ಇಂಥ ಮಾತಿಗೆ ನನ್ನ ಬಳಿ ಯಾವಾಗಲೂ ಒಂದು ಸಮಾಧಾನ ಸಿದ್ಧವಿರುತ್ತಿತ್ತು. ಇಪ್ಪತ್ತು ವರ್ಷ ಬೇಕು, ಹೆದರಬೇಡ, ಸ್ವಲ್ಪ ತಿಂದರೆ ಏನೂ ಆಗುವುದಿಲ್ಲ. ಅದು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿದೆ.

"ಆಗುತ್ತೆ" ಎಂದೆ.